ದೇವರ ಪೆಟ್ಟಿಗೆಯಲ್ಲಿಟ್ಟ ಹರಳು

ಮುಂಬಯಿ
೩ ಸೆಪ್ಟೆಂಬರ್ ೧೯೬೧

ಅಕ್ಕನಿಗೆ ಸುಂದರರಾಜನ ನಮಸ್ಕಾರಗಳು.

ಕಾಗದ ಬರೆಯಲಿಲ್ಲವೆಂದು ನೀನು ಭಾವನ ಹತ್ತಿರ ನನ್ನನ್ನು ಸಾಕಷ್ಟು ಬೈದಿರುತ್ತೀಯ. ಇನ್ನೂ ಬೈಯಿ, ಈವತ್ತು ನನಗೇನೂ ತಾಕುವುದಿಲ್ಲ. ನಾನು ಮಾಡುತ್ತಿದ್ದ ವಸ್ತು ಕೊನೆಗೂ ಹರಳುಗಟ್ಟಿತು.

ಔಷಧದ ಕಂಪನಿಯಲ್ಲಿ ನೀನು ಮಾಡುವುದಾದರೂ ಏನು, ಕಷಾಯ ಕಾಸುತ್ತೀಯೋ ಎಂದು ಹೋದ ಸಲ ಕೇಳಿದ್ದೆ. ಹೆಚ್ಚುಕಡಿಮೆ ಅದೇ. ಜರ್ಮನಿಯವರ ಒಂದು ನಿದ್ದೆಯ ಔಷಧವಿದೆ. ಬಹಳ ಒಳ್ಳೆಯದು, ಯಾರಿಗೂ ಏನೂ ತೊಂದರೆ ಮಾಡದು ಎಂದು ಹೆಸರಾಗಿದೆ. ನಾವು ಅದರ ದಾಯಾದಿಗಳನ್ನು ಮಾಡುತ್ತೇವೆ. ಅದರ ಒಂದು ಕಡೆಯ ಕೊಂಡಿ ಬಿಡಿಸಿ ಬೇರೊಂದನ್ನು ಸಿಕ್ಕಿಸಿ, ಮೂಲಕ್ಕಿಂತ ಮೇಲಾದದ್ದು ಸಿಕ್ಕೀತೇ ಎಂದು ನೋಡುವುದು. ಕೇಳಲು ಸುಲಭ. ನಾನು ಎರಡು ತುಂಡನ್ನು ಮೊದಲು ಜೋಡಿಸಿ, ಆಮೇಲೆ ಉಂಗುರದ ಆಕಾರಕ್ಕೆ ಬಗ್ಗಿಸಿ ಮುಚ್ಚಲು ಹೋದಾಗಲೆಲ್ಲ ಫ್ಲಾಸ್ಕಿನ ತಳದಲ್ಲಿ ಡಾಂಬರು. ಹೊರಗೆ ಸುರಿಯಲೂ ಬಾರದು. ಹಟ ಹಿಡಿದು ಇಡೀ ಮಳೆಗಾಲ ಡಾಂಬರು ಮಾಡಿದೆ.

ಹೋದ ವಾರ ನಿನ್ನ ಮೈಸೂರುಪಾಕು ನೆನಪಾಯಿತು. ಸಾಮಾನು ಅದೇ, ಹಾಕುವ ಸರದಿ ತಪ್ಪಿದರೆ ಕಲ್ಲು. ಸರದಿ ತಿರುಗಿಸಿದೆ. ಉಂಗುರವನ್ನು ಮೊದಲೇ ಮುಚ್ಚಿಕೊಂಡು ಆಮೇಲೆ ಜೋಡಿಸಿ, ಮದ್ಯಸಾರದಲ್ಲಿ ಕರಗಿಸಿ ಆರಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಗಾಜಿನ ಗೋಡೆಯ ಮೇಲೆಲ್ಲ ಮಲ್ಲಿಗೆಯಷ್ಟು ಬಿಳುಪಾದ ಸೂಜಿಗಳು. ಅಕ್ಕ, ಹೋದ ವಾರದವರೆಗೆ ಈ ವಸ್ತು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಗಿಡದಲ್ಲಿಲ್ಲ, ಕಲ್ಲಿನಲ್ಲಿಲ್ಲ. ಇದನ್ನು ಮೊದಲು ನೋಡಿದವನು ನಾನು. ಇಷ್ಟು ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ನಿನ್ನ ತಮ್ಮ
ಸುಂದರ


ಬೇಲೂರು
೧೪ ಸೆಪ್ಟೆಂಬರ್ ೧೯೬೧

ಚಿ. ಸುಂದರನಿಗೆ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಕಾಗದ ನಿನ್ನ ಭಾವ ಗಟ್ಟಿಯಾಗಿ ಓದಿದರು. ಅರ್ಧ ಅರ್ಥವಾಯಿತು. ಮಳೆಗಾಲವೆಲ್ಲ ತಪ್ಪು ಮಾಡಿ ಆಮೇಲೆ ಅಕ್ಕನ ಮೈಸೂರುಪಾಕು ನೆನೆಸಿಕೊಳ್ಳುವವನಿಗೆ ಕಂಪನಿಯವರು ಸಂಬಳ ಕೊಡುತ್ತಾರಲ್ಲ, ಅದು ಮಾತ್ರ ಅರ್ಥವಾಗಲಿಲ್ಲ.

ಒಂದು ಮಾತು. ಭೂಮಿಯ ಮೇಲೆ ಇಲ್ಲದ್ದನ್ನು ಮಾಡಿದೆ ಅನ್ನುತ್ತೀಯ. ಹಾಗಾದರೆ ಅದನ್ನು ಪೆರುಮಾಳಿಗೆ ತೋರಿಸಬೇಡವೇನೋ? ಈ ಮನೆಗೆ ಹೊಸದಾಗಿ ಬಂದದ್ದು ಯಾವುದು ಸಾಲಿಗ್ರಾಮದ ಮುಂದೆ ಇಡದೆ ಬಳಕೆಗೆ ಬಂದಿದೆ? ಹೊಸ ಅಕ್ಕಿ ಇಡುತ್ತೇವೆ, ಹೊಸ ಬೆಲ್ಲ ಇಡುತ್ತೇವೆ. ನಿನ್ನ ಭಾವ ಹೊಸ ಪೆನ್ನು ಕೊಂಡರೂ ಅಲ್ಲಿಟ್ಟೇ ತಾಲ್ಲೂಕು ಕಚೇರಿಗೆ ಒಯ್ಯುವುದು. ಒಂದು ಚಿಟಿಕೆ ಕಳಿಸು.

ಅರಸೀಕೆರೆಯಿಂದ ಕಾಂತಮ್ಮ ಕಾಗದ ಬರೆದಿದ್ದಾಳೆ. ನಮ್ಮಪ್ಪ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದಾಗ ಪಕ್ಕದ ಬೀದಿಯಿಂದ ದಿನಾ ನಮ್ಮ ಜೊತೆ ಆಡಲು ಬರುತ್ತಿದ್ದವಳನ್ನು ಮರೆತಿಲ್ಲ ತಾನೆ? ಗಂಡ ಷಡಕ್ಷರಪ್ಪನವರ ಕೊಬ್ಬರಿ ಮಂಡಿ ಚೆನ್ನಾಗಿದೆ. ಮಕ್ಕಳಾಗಿಲ್ಲವೆಂಬ ಕೊರಗಿನಲ್ಲಿ ನಿದ್ದೆಯೇ ಹತ್ತುವುದಿಲ್ಲವಂತೆ. ನಿನ್ನ ಔಷಧ ಅಂಗಡಿಗೆ ಬಂದರೆ ಮೊದಲು ಅವಳಿಗೆ ಬೇಕು ಎಂದು ಬರೆದಿದ್ದೇನೆ.

ಯದುಗಿರಿ


ಮುಂಬಯಿ
೨೨ ಅಕ್ಟೋಬರ್ ೧೯೬೧

ಅಕ್ಕನಿಗೆ,

ಭಾವನ ಸ್ನೇಹಿತರು ಊರಿಗೆ ಹೊರಟಿದ್ದಾರೆ, ಅವರ ಕೈಲಿ ಒಂದು ಗಾಜಿನ ನಳಿಕೆ ಕಳಿಸುತ್ತಿದ್ದೇನೆ. ಹತ್ತಿಯಲ್ಲಿ ಸುತ್ತಿದೆ, ಒಡೆಯದ ಹಾಗೆ ಬಿಚ್ಚು. ಹೀಗೆ ಹೊರಗೆ ಕಳಿಸುವ ಹಾಗಿಲ್ಲ, ಯಾರಿಗೂ ಹೇಳಬೇಡ.

ನಿನ್ನ ಪೆರುಮಾಳಿಗೆ ಒಳ್ಳೆಯ ಸಮಯದಲ್ಲಿ ಹೋಗುತ್ತಿದೆ. ಇಲಿಗಳಿಗೆ ಕೊಟ್ಟು ನೋಡಿದರು. ಸುಖವಾಗಿ ಮಲಗಿದವು, ಎದ್ದು ಹೊಟ್ಟೆತುಂಬ ತಿಂದವು. ಎಷ್ಟು ಹೆಚ್ಚು ಕೊಟ್ಟರೂ ಒಂದೂ ಸಾಯಲಿಲ್ಲ. ಔಷಧ ಪರೀಕ್ಷೆ ಮಾಡುವವರು, ಇದನ್ನು ಉಪ್ಪಿನ ಹಾಗೆ ತಿನ್ನಬಹುದು ಎಂದು ನಗುತ್ತಿದ್ದರು. ಜರ್ಮನಿಯದಕ್ಕೆ ಹೊಟ್ಟೆ ತೊಳಸುವುದನ್ನು ನಿಲ್ಲಿಸುವ ಗುಣವೂ ಇದೆಯಂತೆ. ನಮ್ಮದಕ್ಕೂ ಇರಬಹುದು. ದೇವರ ಮುಂದೆ ಇಟ್ಟು ಆದಮೇಲೆ ಜ್ಞಾಪಕಕ್ಕೆ ನೀನೇ ಇಟ್ಟುಕೋ.

ಸುಂದರ


ಮುಂಬಯಿ
೩೦ ಜನವರಿ ೧೯೬೨

ಅಕ್ಕ,

ಈ ಕಾಗದ ಕೈಗೆ ಬಂದ ಕೂಡಲೆ ದೇವರ ಪೆಟ್ಟಿಗೆಯಿಂದ ಆ ನಳಿಕೆ ತೆಗೆದು ಹಿತ್ತಿಲಲ್ಲಿ ಆಳವಾಗಿ ಹೂತುಬಿಡು. ಕೈ ಚೆನ್ನಾಗಿ ತೊಳೆದುಕೋ. ಕುತೂಹಲಕ್ಕೂ ಬಾಯಿಗಿಡಬೇಡ.

ಹಡಗಿನಲ್ಲಿ ಬಂದ ವೈದ್ಯಪತ್ರಿಕೆ ಈವತ್ತು ನಮ್ಮ ಮುಖ್ಯಸ್ಥರ ಮೇಜಿನ ಮೇಲಿತ್ತು. ಜರ್ಮನಿಯ ಆ ಔಷಧವನ್ನು ಅಂಗಡಿಗಳಿಂದ ವಾಪಸು ತೆಗೆದುಕೊಂಡಿದ್ದಾರೆ. ಗರ್ಭಿಣಿಯರು ವಾಂತಿ ನಿಲ್ಲಲೆಂದು, ನಿದ್ದೆ ಬರಲೆಂದು ಅದನ್ನು ತೆಗೆದುಕೊಂಡಿದ್ದರಂತೆ. ಅವರ ಮಕ್ಕಳು ಕೈಯಿಲ್ಲದೆ ಕಾಲಿಲ್ಲದೆ ಹುಟ್ಟುತ್ತಿದ್ದಾರೆ. ಒಂದೆರಡಲ್ಲ. ತಾಯಂದಿರಿಗೆ ಏನೂ ಆಗಿಲ್ಲ. ಬಸಿರಿನ ಮೊದಲ ದಿನಗಳಲ್ಲಿ ಒಂದು ಸಲ ನುಂಗಿದರೂ ಸಾಕೆಂದು ಅನುಮಾನವಿದೆಯಂತೆ. ನಾವು ಬಸಿರಿನ ಇಲಿಗಳಿಗೆ ಕೊಟ್ಟು ನೋಡಿಯೇ ಇರಲಿಲ್ಲ, ಅಕ್ಕ. ಹಾಗೆ ನೋಡಬೇಕೆಂದು ಇಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾನು ಮಾಡಿದ್ದು ಅದರ ದಾಯಾದಿ. ಬೇರೆ ಆಗಿರುವುದು ಒಂದೇ ಕೊಂಡಿ. ಹೂತೆ ಎಂದು ಒಂದು ಕಾರ್ಡು ಹಾಕು, ಅಷ್ಟು ಸಾಕು.

ಸುಂದರ


ಬೇಲೂರು
೮ ಫೆಬ್ರವರಿ ೧೯೬೨

ಸುಂದರ,

ಇಲ್ಲಿ ಅಷ್ಟಗ್ರಹ ಕೂಟವೆಂದು ಊರಿಗೆ ಊರೇ ನಡುಗುತ್ತಿತ್ತು. ಪ್ರಳಯವಾಗುತ್ತದೆಂದು ಬೀದಿಬೀದಿಯಲ್ಲಿ ಹೋಮ, ಭಜನೆ. ಬಸ್ಸುಗಳು ಖಾಲಿ ಓಡುತ್ತಿದ್ದವು. ಮೂರು ದಿನವೂ ಕಳೆದು ಏನೂ ಆಗಲಿಲ್ಲವೆಂದು ಎಲ್ಲರೂ ನಗುತ್ತ ಬಾಗಿಲು ತೆರೆದರು. ಆಗ ಅಂಚೆಯವನು ನಿನ್ನ ಕಾಗದ ಕೊಟ್ಟ. ಪ್ರಳಯ ಬಂದದ್ದು ನನ್ನ ಮನೆಗೆ.

ನಳಿಕೆ ಇದೆ. ಅದರಲ್ಲಿ ಏನೂ ಇಲ್ಲ.

ಕಾರ್ತಿಕದಲ್ಲಿ ಕಾಂತಮ್ಮ ಅತ್ತೆ ಸುವರ್ಣಮ್ಮನವರ ಜೊತೆ ಬಸ್ಸಿನಲ್ಲಿ ಬೇಲೂರಿಗೆ ಬಂದಿದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಅಂದಳು. ಏನಾಗಿದೆಯೇ ಎಂದು ಕೇಳಿದರೆ ತಲೆ ತಗ್ಗಿಸಿದಳು. ಮೂರು ತಿಂಗಳು ತುಂಬುವ ತನಕ ಯಾರೂ ಬಾಯಿ ಬಿಡುವುದಿಲ್ಲವಲ್ಲ, ಕಣ್ಣು ತಾಕುತ್ತದೆಂದು. ಇಷ್ಟು ವರ್ಷ ಕಾದವಳು ಬಾಯಿ ಬಿಟ್ಟಾಳೇ? ನಾನು ಮಂಕು, ನನಗೆ ಹೊಳೆಯಲಿಲ್ಲ. ದೇವರ ಪಾದದಲ್ಲಿ ಇಟ್ಟದ್ದು ಪ್ರಸಾದ, ಅದನ್ನು ಪೆಟ್ಟಿಗೆಯಲ್ಲಿ ಕೂಡಿಡುವುದು ಯಾವ ನ್ಯಾಯ ಎಂದು ಮೊದಲೇ ನನ್ನ ಮನಸ್ಸಿನಲ್ಲಿತ್ತು. ನಿದ್ದೆ ಬರುತ್ತದೆ, ಹೊಟ್ಟೆ ತೊಳಸುವುದು ನಿಲ್ಲುತ್ತದೆ ಎಂದು ನೀನೇ ಬರೆದಿದ್ದೆ. ಉಪ್ಪಿನ ಹಾಗೆ ತಿನ್ನಬಹುದು ಎಂದೂ ಬರೆದಿದ್ದೆ. ಪೂರ್ತಿ ಕಾಗದದ ಪೊಟ್ಟಣಕ್ಕೆ ಸುರಿದು, ನಮ್ಮ ಸುಂದರ ಮಾಡಿದ್ದು, ಪೆರುಮಾಳ ಪ್ರಸಾದವೂ ಆಗಿದೆ, ಮನೆಗೆ ಹೋಗಿ ತಗೊಳ್ಳೇ ಎಂದು ಅವಳ ಕೈಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ಈಗ ಅವಳಿಗೆ ಐದು ತುಂಬುತ್ತಿದೆ. ಸಂಕ್ರಾಂತಿಗೆ ಎಳ್ಳು ಬೀರಲು ಅರಸೀಕೆರೆಗೆ ಹೋದಾಗ ಸುವರ್ಣಮ್ಮನವರೇ ಬಾಯಿತುಂಬ ಹೇಳಿದರು.

ಅವಳಿಗೆ ಹೇಳಬೇಡ. ಹೇಳಿದರೆ ಏನು ಮಾಡಿಯಾಳು? ಈಗ ಬಸಿರು ತೆಗೆಸಿಕೊಳ್ಳಲು ಬರುತ್ತದೆಯೇ? ಉಳಿದ ದಿನವೆಲ್ಲ ಹೊಟ್ಟೆ ಹಿಡಿದುಕೊಂಡು ಸಾಯುತ್ತಾಳೆ.

ಯದುಗಿರಿ


ಮುಂಬಯಿ
೯ ಏಪ್ರಿಲ್ ೧೯೬೨

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇಷ್ಟು ದಿನ ಇದ್ದದ್ದಕ್ಕೆ ಕಾರಣವಿತ್ತು. ಬಸಿರಿನ ಇಲಿಗಳಿಗೆ ನಮ್ಮ ವಸ್ತು ಕೊಡಲು ಶುರು ಮಾಡಿದರು. ಮರಿಗಳು ಮೈಕೈ ಸರಿಯಾಗಿ ಹುಟ್ಟಿದವು. ನಾನು ಪಂಜರದ ಮುಂದೆ ಕೂತು ಒಂದೊಂದು ಮರಿಯ ಕಾಲನ್ನೂ ನೋಡಿದೆ. ನಿನಗೆ ಆಗಲೇ ಬರೆಯಬೇಕೆಂದಿದ್ದೆ. ಮೊಲಗಳದ್ದೂ ಆಗಲಿ ಎಂದು ತಡೆದೆ.

ಮೊಲಗಳದ್ದು ನಿನ್ನೆ ಆಯಿತು. ಏನು ನೋಡಿದೆ ಎಂದು ನಿನಗೆ ಬರೆಯಲಾರೆ. ಇಲಿಗೆ ಆಗದ್ದು ಮೊಲಕ್ಕೆ ಏಕಾಯಿತು ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಮನುಷ್ಯರು ಯಾವುದರ ಹಾಗೆ ಎಂಬುದಂತೂ ಗೊತ್ತಿಲ್ಲ. ಮುಖ್ಯಸ್ಥರು, ಇದನ್ನು ಕೈಬಿಟ್ಟು ಬೇರೆ ಕೊಂಡಿ ಹಾಕಿ ನೋಡೋಣ ಅಂದರು. ಅವರಿಗೆ ಅದು ಪಟ್ಟಿಯಲ್ಲಿ ಒಂದು ನಂಬರು.

ಕಾಂತಮ್ಮನಿಗೆ ಹೇಳಲೇಬೇಕು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು, ಮಗುವನ್ನು ನೋಡಿ ಮೂರ್ಛೆ ಹೋಗದ ಹಾಗೆ ಯಾರಾದರೂ ಪಕ್ಕದಲ್ಲಿರಬೇಕು. ನೀನು ಹೇಳದಿದ್ದರೆ ನಾನೇ ಬರೆಯುತ್ತೇನೆ.

ಸುಂದರ


ಬೇಲೂರು
೨೧ ಏಪ್ರಿಲ್ ೧೯೬೨

ಸುಂದರ,

ಅವಳಿಗೆ ಬಳೆ ತೊಡಿಸುವ ದಿನ ಅರಸೀಕೆರೆಗೆ ಹೋಗಿದ್ದೆ. ಹೇಳಬೇಕೆಂದೇ ಹೋಗಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹಸಿರು ಬಳೆ ಮೊಣಕೈವರೆಗೆ ತೊಟ್ಟುಕೊಂಡು ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟಳು. ಮಗು ಒದೆಯುತ್ತಿತ್ತು. ಒದ್ದದ್ದು ಕಾಲಿನಲ್ಲೇ ತಾನೆ ಎಂದು ನನ್ನ ಹಾಳು ಮನಸ್ಸು ಕೇಳಿತು. ಅಳು ಬಂತು. ಸಂತೋಷಕ್ಕೆ ಅಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ನಾನು ಎಲೆಯ ಮುಂದೆ ಕೂತು ಊಟ ಮಾಡಿ ಬಂದೆ.

ನನ್ನ ಕೈಲಾಗುವುದಿಲ್ಲ. ನೀನು ಬರೆಯುವುದಾದರೆ ಬರೆ, ಬೇಡ ಎನ್ನುವ ಶಕ್ತಿಯೂ ನನಗಿಲ್ಲ.

ಯದುಗಿರಿ


ಅರಸೀಕೆರೆ
೫ ಮೇ ೧೯೬೨

ಸುಂದ್ರಣ್ಣನವರಿಗೆ ಕಾಂತಮ್ಮನ ಶರಣು.

ನಿಮ್ಮ ಕಾಗದ ಮಂಡಿಗೆ ಬಂತು. ನಮ್ಮ ಯಜಮಾನರು ಒಡೆದು ಓದಿದರಂತೆ. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು ನನ್ನ ಮುಂದೆ ಇಟ್ಟು, ಕಂಬಕ್ಕೆ ಒರಗಿ ಕೂತರು. ನಾನು ಓದುತ್ತಿದ್ದ ಹಾಗೆ ಅವರು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

ಸುಂದ್ರಣ್ಣ, ನಾನು ಅದನ್ನು ತಿನ್ನಲಿಲ್ಲ.

ನಮ್ಮತ್ತೆ ಮಠದ ನಡಾವಳಿಯಲ್ಲಿ ಬಹಳ ಕಟ್ಟುನಿಟ್ಟು ಎಂದು ನಿಮಗೆ ಗೊತ್ತು. ಕೊರಳಲ್ಲಿರುವ ಲಿಂಗಕ್ಕೆ ತೋರಿಸದೆ ನಾವು ಏನನ್ನೂ ಬಾಯಿಗಿಡುವ ಹಾಗಿಲ್ಲ. ಬೇರೆ ದೇವರಿಗೆ ಇಟ್ಟದ್ದನ್ನು ಲಿಂಗಕ್ಕೆ ತೋರಿಸುವ ಹಾಗೂ ಇಲ್ಲ. ಯದುಗಿರಿ ಅಷ್ಟು ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನಲು ಬಾಯಿ ಬರದೆ ಸೆರಗಿಗೆ ಕಟ್ಟಿಕೊಂಡೆ. ಮನೆಗೆ ಬಂದು ತೆಂಗಿನ ಬುಡಕ್ಕೆ ಹಾಕೋಣವೆಂದಿದ್ದೆ.

ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಬೇಲೂರಿನಿಂದಲೂ ಕಿಟಕಿಗೆ ತಲೆ ಹಾಕಿ ವಾಂತಿ ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ನೀರು. ತಿಂಗಳು ನಿಂತಿದೆಯಂತೆ, ಆಸ್ಪತ್ರೆಗೆ ತೋರಿಸಿಕೊಂಡು ಒಬ್ಬಳೇ ಊರಿಗೆ ಹೋಗುತ್ತಿದ್ದಳು. ನನಗೂ ಅದೇ ಸಂಕಟವಿತ್ತಲ್ಲ, ನೋಡಲಾಗಲಿಲ್ಲ. ಯದುಗಿರಿ ಹೇಳಿದ ಮಾತು ನೆನಪಾಗಿ, ಇದು ಪ್ರಸಾದ, ಬೊಂಬಾಯಿಯ ಔಷಧವೂ ಹೌದು ಎಂದು ಪೊಟ್ಟಣ ಅವಳಿಗೆ ಕೊಟ್ಟೆ. ನನ್ನೆದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಹಳೇಬೀಡಿನ ಹತ್ತಿರ ಮಾದಿಹಳ್ಳಿ ಕೈಮರದಲ್ಲಿ ಇಳಿದಳು. ಇಳಿದು ನಿಂತು ನನಗೆ ಕೈ ಮುಗಿದಳು. ಹೆಸರು ಕೇಳಲಿಲ್ಲ.

ನಿಮ್ಮ ಕಾಗದ ಓದಿ ಮುಗಿಸಿದಾಗ ನಾನು ನಕ್ಕುಬಿಟ್ಟೆ, ಬರೆಯಲು ನಾಚಿಕೆಯಾಗುತ್ತದೆ. ನನ್ನ ಮಗು ಉಳಿಯಿತು ಎಂದು ಯಜಮಾನರ ಕೈ ಹಿಡಿದು ನಕ್ಕೆ. ಆಮೇಲೆ ಅವಳ ಮುಖ ಕಣ್ಣ ಮುಂದೆ ಬಂತು. ಅವಳನ್ನು ಹುಡುಕಿಸಿ.

ಕಾಂತಮ್ಮ


ಮುಂಬಯಿ
೧೧ ಮೇ ೧೯೬೨

ಅಕ್ಕ,

ಕಾಂತಮ್ಮನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ನಾನೂ ಅವಳ ಹಾಗೇ ಒಂದು ಗಳಿಗೆ ಹಗುರಾದೆ. ಆಮೇಲಿನದು ನಿನಗೆ ಬರೆದು ತಿಳಿಸಬೇಕಾಗಿಲ್ಲ. ಮುಖ ಗೊತ್ತಿದ್ದವಳಿಗಾದರೆ ತಪ್ಪಾಯಿತು ಎಂದಾದರೂ ಹೇಳಬಹುದಿತ್ತು.

ಭಾವನಿಗೆ ಹೇಳಿ ಮಾದಿಹಳ್ಳಿಯ ಸುತ್ತ ವಿಚಾರಿಸು. ನಾನೇ ಬರಬೇಕೆಂದಿದ್ದೇನೆ, ರಜಾ ಕೊಡುತ್ತಿಲ್ಲ. ಇಲ್ಲಿ ಹೊಸ ವಸ್ತುವಿನ ಕೆಲಸ ನನ್ನ ಮೇಲೇ ಬಿದ್ದಿದೆ.

ಸುಂದರ


ಬೇಲೂರು
೧೨ ಆಗಸ್ಟ್ ೧೯೬೨

ಸುಂದರ,

ಕಾಂತಮ್ಮನಿಗೆ ಹೋದ ತಿಂಗಳು ಗಂಡು ಮಗುವಾಯಿತು. ಮೈಕೈ ತುಂಬಿಕೊಂಡು ಚೆನ್ನಾಗಿದೆ. ಇದನ್ನು ಮೊದಲು ಬರೆದೆ, ಒಂದಾದರೂ ಒಳ್ಳೆಯ ಸುದ್ದಿ ಇರಲಿ ಎಂದು.

ಆ ಹುಡುಗಿ ಸಿಕ್ಕಿದಳು.

ಬೇಸಿಗೆಯೆಲ್ಲ ನಾನೂ ನಿನ್ನ ಭಾವನೂ ಮಾದಿಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಕೇಳಿದ್ದೇ ಕೇಳಿದ್ದು. ಬಸಿರಿಯರ ವಿಷಯ ಪರವೂರಿನವರು ಕೇಳಿದರೆ ಯಾರು ಹೇಳುತ್ತಾರೆ? ಮಾಟಗಾತಿಯನ್ನು ನೋಡಿದ ಹಾಗೆ ನನ್ನನ್ನು ನೋಡಿ ಬಾಗಿಲು ಹಾಕಿದವರೂ ಇದ್ದಾರೆ. ಕೊನೆಗೆ ಆ ದಾರಿಯ ಬಸ್ಸಿನ ಕಂಡಕ್ಟರು ಮರುಳಪ್ಪ, ನಾವು ಹುಡುಕುವುದು ಕಿವಿಗೆ ಬಿದ್ದು, ತಾನಾಗಿ ಮನೆಗೆ ಬಂದ. ಮಾದಿಹಳ್ಳಿ ಕೈಮರದ ಹತ್ತಿರ ಒಂದು ಮನೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಜನ ಬಸ್ಸಿಳಿದು ಹೋಗುತ್ತಿದ್ದಾರೆ ಅಂದ. ಎಂಥ ಮಗು ಎಂದು ನಾನು ಕೇಳಲಿಲ್ಲ.

ಅವಳ ಹೆಸರು ಹುಚ್ಚಮ್ಮ. ಇನ್ನೂ ಎಳೆಯ ಪ್ರಾಯ. ಮನೆಯೊಳಗಲ್ಲ, ದನದ ಕೊಟ್ಟಿಗೆಯ ಮಗ್ಗುಲಲ್ಲಿ ಗೋಣಿ ಮರೆ ಕಟ್ಟಿ ಅವಳನ್ನೂ ಮಗುವನ್ನೂ ಇಟ್ಟಿದ್ದಾರೆ. ಹೆಣ್ಣು ಮಗು. ಬಟ್ಟೆ ಸರಿಸಿ ತೋರಿಸಿದಳು. ತೋಳು ಇರಬೇಕಾದ ಕಡೆ ಹೆಗಲಿನಿಂದಲೇ ಪುಟ್ಟ ಬೆರಳುಗಳು ಹೊರಟಿವೆ. ಮುಖ ಮುದ್ದಾಗಿದೆ. ನನ್ನನ್ನು ನೋಡಿ ಆ ಬೆರಳು ಆಡಿಸಿತು.

ಹೇಳದೆ ಬಂದುಬಿಡಬೇಕು ಎಂದೇ ಇತ್ತು, ಸುಳ್ಳಾಡುವುದಿಲ್ಲ. ಮಗುವಿಗೆ ಬಟ್ಟೆ, ಅವಳಿಗೆ ಬಾಣಂತಿ ಖಾರ ತಂದಿದ್ದೆ, ಅವನ್ನು ಇಟ್ಟು ಎದ್ದೆ. ಆಗ ಅವಳು ತಾನಾಗಿಯೇ ತನ್ನ ಪಾಪ ಒಪ್ಪಿಸತೊಡಗಿದಳು. ಅಷ್ಟಗ್ರಹದ ದಿನ ಬಸಿರಿ ಕುಡುಗೋಲು ಮುಟ್ಟಬಾರದು ಎಂದು ಅತ್ತೆ ಹೇಳಿದ್ದಳಂತೆ. ಮನೆಯಲ್ಲಿ ಸಾರಿಗೆ ಏನೂ ಇರಲಿಲ್ಲವೆಂದು ಇವಳು ಹೊಲದ ಬದಿಗೆ ಹೋಗಿ ಸೊಪ್ಪು ಕುಯ್ದಳಂತೆ. ಕುಯ್ದದ್ದು ಸೊಪ್ಪಲ್ಲ, ಮಗಳ ಕೈ ಎಂದು ಅತ್ತೆ ದಿನವೂ ಹೇಳುತ್ತಾಳಂತೆ. ಊರು ಹೌದು ಅನ್ನುತ್ತದೆ. ಗಂಡ ಹತ್ತಿರ ಬಂದಿಲ್ಲ. ತಿಂಗಳು ಕಳೆದ ಮೇಲೆ ತಾಯಿಮಗಳನ್ನು ತೌರಿಗೆ ಅಟ್ಟಿ ಅವನಿಗೆ ಬೇರೆ ಹೆಣ್ಣು ತರುವ ಮಾತಾಗಿದೆ. ಇವಳು ಅದನ್ನೆಲ್ಲ ನ್ಯಾಯವೆಂದೇ ಒಪ್ಪಿಕೊಂಡು ಹೇಳುತ್ತಿದ್ದಳು, ಕೂಸಿನ ತಲೆ ಸವರುತ್ತ.

ಇಷ್ಟು ದಿನ, ಹೇಳಿದರೆ ಹೆತ್ತವಳಿಗೆ ನೋವು ಎಂದು ವಾದಿಸಿದವಳು ನಾನು. ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ತಿಂದ ಬಿಳಿ ಪುಡಿ, ಅದನ್ನು ಮಾಡಿದ ನನ್ನ ತಮ್ಮ, ಕೊಟ್ಟುಕಳಿಸಿದ ನಾನು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಬಸ್ಸಿನ ಪೊಟ್ಟಣ ನೆನಪಿದೆ ಎಂದು ತಲೆಯಾಡಿಸಿ, ಕೂಸನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು.

“ಅಂಗಾರೆ ನಾನು ಸೊಪ್ಪು ಕುಯ್ದಿದ್ಕಲ್ವಾ, ಅಮ್ಮಾರೆ?”

ಅಲ್ಲ ಅಂದೆ. ಅವಳಿಗೆ ಅಳು ಒತ್ತಿಕೊಂಡು ಬಂತು. ಹೆತ್ತ ದಿನದಿಂದ ಅತ್ತೇ ಇರಲಿಲ್ಲವಂತೆ, ಅಳಲು ತನಗೆ ಹಕ್ಕಿಲ್ಲವೆಂದು. ಆಮೇಲೆ ಮೂಗು ಒರೆಸಿಕೊಂಡು, ಇದನ್ನೇ ನಮ್ಮತ್ತೆ ಮುಂದೆ ಇನ್ನೊಂದು ಸಲ ಹೇಳಿ ಎಂದು ಕೇಳಿಕೊಂಡಳು.

ಅಂಗಳದಲ್ಲಿ ನಿಂತು ಹೇಳಿದೆ. ಬೀದಿಯವರೆಲ್ಲ ಸೇರಿದರು. ಅತ್ತೆ ನಂಬಲಿಲ್ಲ. ಸೊಸೆಯ ಕಡೆಯವರು ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ, ಪುಡಿ ತಿಂದರೆ ಕೈ ಹೋಗುವುದನ್ನು ಯಾರು ಕಂಡಿದ್ದಾರೆ ಎಂದು ನನ್ನ ಮುಖಕ್ಕೇ ಅಂದಳು. ಉಂಗುರ, ಕೊಂಡಿ, ಮೊಲ ಎಂದು ನೀನು ಬರೆದದ್ದನ್ನು ಹೇಳಹೋಗಿ ತೊದಲಿದೆ. ಕೆಲವರು ನಕ್ಕರು.

“ಅದನ್ನ ಮಾಡ್ದೋನು ಬಂದು ಯೋಳ್ಲಿ, ಆಗ ನಂಬ್ತೀನಿ” ಅಂದಳು ಅತ್ತೆ.

ಸರಿ ಎಂದು ಮಾತು ಕೊಟ್ಟು ಬಂದಿದ್ದೇನೆ. ನಿನಗೆ ರಜಾ ಸಿಗಲಿಲ್ಲ ಎಂದು ನೀನು ಬರೆದಾಗಲೆಲ್ಲ ನಂಬಿದ ಹಾಗೆ ಮಾಡಿದೆ, ಇನ್ನು ಮಾಡುವುದಿಲ್ಲ. ಈ ಕಾಗದಕ್ಕೆ ಉತ್ತರ ಬರೆಯಬೇಡ. ಪೂನಾ ಮೈಲು ಹತ್ತಿ ಅರಸೀಕೆರೆಯಲ್ಲಿ ಇಳಿ. ಹಳೇಬೀಡಿನ ಬಸ್ಸು ಸ್ಟೇಷನ್ನಿನ ಎದುರಿಗೇ ಸಿಗುತ್ತದೆ. ಆ ಅಂಗಳದಲ್ಲಿ ಎಲ್ಲರ ಮುಂದೆ ನಿಂತು, ಸೊಪ್ಪು ಕುಯ್ದದ್ದರಿಂದ ಆಗಲಿಲ್ಲ, ನನ್ನಿಂದ ಆಯಿತು ಎಂದು ಹೇಳು.

ನಿನ್ನ ಅಕ್ಕ
ಯದುಗಿರಿ